ಮಾರ್ಥಾಳ ಮೂರನೇ ಪಾಲು

ಪಮಂಕಿ ನದಿಯ ನೀರು ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ. ಕಡಲು ಬಲು ದೂರದಲ್ಲಿದ್ದರೂ ಉಬ್ಬರದ ಹೊತ್ತಿಗೆ ಅದರ ಒತ್ತು ವರ್ಜೀನಿಯಾದ ಈ ಒಳನಾಡಿನವರೆಗೂ ಬಂದು, ಕೆಸರುದಂಡೆಯ ಜೊಂಡನ್ನೆಲ್ಲ ಒಂದೇ ದಿಕ್ಕಿಗೆ ಬಾಗಿಸಿ, ಗೂಟಕ್ಕೆ ಕಟ್ಟಿದ ದೋಣಿಗಳ ಮೂತಿ ತಿರುಗಿಸಿ, ಒಂದಷ್ಟು ಹೊತ್ತು ನಿಂತು, ಮತ್ತೆ ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ಜುಲೈ ತಿಂಗಳ ಬೆಳಗು. ಬಿಸಿಲು ಏರುವ ಮೊದಲೇ ಗಾಳಿ ಒದ್ದೆಯಾಗಿ ಮೈಗೆ ಅಂಟುತ್ತಿದೆ. ಮರಗಳಲ್ಲಿ ಜೀರುಂಡೆಗಳು ಬಿಡುವಿಲ್ಲದೆ ಕೊರೆಯುತ್ತಿವೆ. ದಂಡೆಯಿಂದ ಮೇಲಕ್ಕೆ ಕಣ್ಣು ಹಾಯುವಷ್ಟು ದೂರ ತಂಬಾಕಿನ ಹೊಲ. ಸೊಂಟದೆತ್ತರದ ಗಿಡಗಳ ಸಾಲುಗಳ ನಡುವೆ ಬಾಗಿದ ಬೆನ್ನುಗಳು ನಿಧಾನವಾಗಿ ಸರಿಯುತ್ತಿವೆ: ಗಿಡದ ತುದಿ ಚಿವುಟುವುದು, ಎಲೆಯ ಕಂಕುಳಲ್ಲಿ ಒಡೆದ ಚಿಗುರು ಮುರಿಯುವುದು, ಎಲೆ ಮಗುಚಿ ಹಸಿರು ಹುಳುವನ್ನು ಹುಡುಕಿ ಬೆರಳಲ್ಲೇ ಹೊಸಕುವುದು. ಸಂಜೆಯ ಹೊತ್ತಿಗೆ ಕೈಯೆಲ್ಲ ಕಪ್ಪು ಅಂಟು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಓದುಗರಿಗೆ ಈ ಅಂಟೂ ಗೊತ್ತು, ಈ ಘಾಟೂ ಗೊತ್ತು. ಅವರ ಹೊಲದ ಬೆಳೆಗೆ ಇವತ್ತಿಗೂ ವರ್ಜೀನಿಯಾದ್ದೇ ಹೆಸರು.

ಹೊಲ ದಾಟಿ ಮನೆಯ ಕಡೆ ನಡೆಯೋಣ. ಊರವರು ಇದನ್ನು ವೈಟ್ ಹೌಸ್ ಅನ್ನುತ್ತಾರೆ. ವಾಷಿಂಗ್ಟನ್ ನಗರವೂ ಇನ್ನೂ ಹುಟ್ಟಿಲ್ಲ, ಅಲ್ಲಿಯ ಆ ಇನ್ನೊಂದು ವೈಟ್ ಹೌಸೂ ಹುಟ್ಟಿಲ್ಲ. ಇದು ನ್ಯೂ ಕೆಂಟ್ ಕೌಂಟಿಯ ಒಬ್ಬ ಜಮೀನ್ದಾರನ ಮನೆ. ಒಳಗೆ ಮೇಣದ, ಔಷಧಿಯ, ಮುಚ್ಚಿದ ಕೋಣೆಯ ವಾಸನೆ. 1757ರ ಜುಲೈ 8ರಂದು ಮನೆಯ ಯಜಮಾನ ಡೇನಿಯಲ್ ಪಾರ್ಕ್ ಕಸ್ಟಿಸ್ ತೀರಿಕೊಂಡಿದ್ದಾನೆ. ನಲವತ್ತೈದರ ಗಂಡಸು, ಉಯಿಲು ಬರೆದಿಟ್ಟಿರಲಿಲ್ಲ. ಹೆಂಡತಿಗೆ ಇಪ್ಪತ್ತಾರು. ಐದಡಿ ಎತ್ತರದ ಪುಟ್ಟ ಆಳು. ಒಂದು ಮಗುವಿಗೆ ಮೂರು ವರ್ಷ ಮುಟ್ಟುತ್ತಿದೆ, ಇನ್ನೊಂದು ಇನ್ನೂ ತೊದಲುವ ವಯಸ್ಸು. ಇನ್ನೆರಡು ಮಕ್ಕಳನ್ನು ಅವಳು ಆಗಲೇ ಮಣ್ಣು ಮಾಡಿದ್ದಾಳೆ. ಪುಟ್ಟ ಮಗಳು ಫ್ರಾನ್ಸಿಸ್ ಹೋಗಿ ಇನ್ನೂ ಕೆಲವೇ ತಿಂಗಳಾಗಿವೆ.

ಉಯಿಲಿಲ್ಲದೆ ಸತ್ತವನ ಮನೆಗೆ ಬೆಲೆ ಕಟ್ಟುವವರು ಬರುತ್ತಾರೆ. ಕೋಣೆಯಿಂದ ಕೋಣೆಗೆ ಹೋಗಿ, ಕಪಾಟು ತೆಗೆಸಿ, ಬೆಳ್ಳಿಯ ಚಮಚ ಎಣಿಸಿ, ಹಾಸಿಗೆಯ ಗರಿ ಹಿಚುಕಿ ನೋಡಿ, ಕುದುರೆಯ ಹಲ್ಲು ನೋಡಿ, ಗರಿಲೇಖನಿಯಲ್ಲಿ ಒಂದೊಂದಾಗಿ ಬರೆದುಕೊಳ್ಳುತ್ತಾರೆ. ಹಂದಿ, ದನ, ಕುರಿ, ಕಬ್ಬಿಣದ ಹಂಡೆ. ಅದೇ ಶಾಯಿಯಲ್ಲಿ, ಅದೇ ಸಾಲಿನಲ್ಲಿ, ಬೆಟ್ಟಿ, ಡಾಲ್, ಮೋಲ್, ಆಸ್ಟಿನ್ ಅನ್ನುವಂಥ ಹೆಸರುಗಳು. ಮುಂದೆ ಪೌಂಡು ಶಿಲಿಂಗುಗಳಲ್ಲಿ ಅವರ ಬೆಲೆ. ಕಸ್ಟಿಸನ ಜಮೀನು ಹಲವು ಕೌಂಟಿಗಳಲ್ಲಿ ಹರಡಿ ಸುಮಾರು 17,500 ಎಕರೆ. ಅದರ ಮೇಲೆ ದುಡಿಯುವ ಗುಲಾಮರು ಹತ್ತಿರ ಹತ್ತಿರ 300 ಮಂದಿ. ಈ ಪಟ್ಟಿಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಳ್ಳೋಣ. ಮುಂದೆ ಬೇಕಾಗುತ್ತದೆ.

ಈ ವಿಧವೆ ಮಾರ್ಥಾ. ತವರಿನ ಹೆಸರು ಡ್ಯಾಂಡ್ರಿಜ್. ಹುಟ್ಟಿದ್ದು 1731ರ ಜೂನ್ 2ರಂದು, ಇದೇ ಪಮಂಕಿಯ ದಂಡೆಯ ಚೆಸ್ಟ್‌ನಟ್ ಗ್ರೋವ್ ಅನ್ನುವ ಮನೆಯಲ್ಲಿ. ಅಪ್ಪ ಜಾನ್ ಡ್ಯಾಂಡ್ರಿಜ್ ಇಂಗ್ಲೆಂಡಿನಿಂದ ಬಂದು ಕೌಂಟಿ ಕೋರ್ಟಿನ ಗುಮಾಸ್ತನಾದವನು. ತಕ್ಕಮಟ್ಟಿಗೆ ಅನುಕೂಲಸ್ಥರು, ಸಿರಿವಂತರಲ್ಲ. ಹಿರಿಯ ಮಗಳಾದ್ದರಿಂದ ಅವಳ ಬಾಲ್ಯವೆಲ್ಲ ತಮ್ಮ ತಂಗಿಯರನ್ನು ಸೊಂಟದಲ್ಲಿ ಹೊತ್ತು, ಹೊಲಿಗೆ, ಉಪ್ಪಿನ ಮಾಂಸ, ಹಣ್ಣಿನ ಪಾಕ ಕಲಿಯುತ್ತ ಕಳೆಯಿತು. ಕುದುರೆ ಸವಾರಿಯೂ ಬರುತ್ತಿತ್ತು. ಅಂಥವಳ ಮೇಲೆ ವರ್ಜೀನಿಯಾದ ದೊಡ್ಡ ಕುಳಗಳಲ್ಲೊಂದಾದ ಕಸ್ಟಿಸ್ ಮನೆಯ, ಅವಳಿಗಿಂತ ಇಪ್ಪತ್ತು ವರ್ಷ ಹಿರಿಯ ಡೇನಿಯಲನ ಕಣ್ಣು ಬಿತ್ತು. ಅಡ್ಡ ನಿಂತವನು ಅವನ ಅಪ್ಪ.

ಆ ಅಪ್ಪನನ್ನು ನೋಡಬೇಕಾದರೆ ವಿಲಿಯಮ್ಸ್‌ಬರ್ಗಿಗೆ ಹೋಗಿ ಅವನ ತೋಟದ ಬೇಲಿಯ ಬಳಿ ನಿಲ್ಲಬೇಕು. ಜಾನ್ ಕಸ್ಟಿಸ್‌ಗೆ ಗಿಡಗಳ ಹುಚ್ಚು. ಲಂಡನ್ನಿನ ಪೀಟರ್ ಕಾಲಿನ್ಸನ್ ಜೊತೆ ವರ್ಷಗಟ್ಟಲೆ ಓಲೆ ನಡೆಸಿ, ಹಡಗಿನಲ್ಲಿ ಗೆಡ್ಡೆ ಬೀಜ ತರಿಸಿ, ಇಲ್ಲಿಯ ಕಾಡುಗಿಡಗಳನ್ನು ಆ ಕಡೆಗೆ ಕಳಿಸಿ ಬೆಳೆಸಿದ ತೋಟ ಅದು. ಕತ್ತರಿಸಿ ಆಕಾರಕ್ಕೆ ತಂದ ಹಸಿರು ಪೊದೆಗಳು, ಟ್ಯುಲಿಪ್ ಮಡಿಗಳು, ಮಳೆ ಬಿದ್ದ ಮಣ್ಣಿನ ಕಮ್ಮನೆಯ ವಾಸನೆ. ಹೂವಿನ ಜೊತೆ ಇದ್ದ ನಯ ಮನುಷ್ಯರ ಜೊತೆ ಇರಲಿಲ್ಲ. ಅವನ ಹೆಂಡತಿ ಫ್ರಾನ್ಸಿಸ್ ಪಾರ್ಕ್. ಅವರಿಬ್ಬರ ಸಂಸಾರದ ಕಹಿ ಎಷ್ಟೆಂದರೆ, ತಾನು 71 ವರ್ಷ ಬದುಕಿದರೂ ನಿಜವಾಗಿ ಬಾಳಿದ್ದು ಏಳೇ ವರ್ಷ, ಪೂರ್ವ ತೀರದ ಆರ್ಲಿಂಗ್ಟನ್ ಎಂಬಲ್ಲಿ ಬ್ರಹ್ಮಚಾರಿಯಾಗಿ ಮನೆ ಮಾಡಿಕೊಂಡಿದ್ದಷ್ಟು ದಿನ ಮಾತ್ರ ಎಂದು ತನ್ನ ಗೋರಿಕಲ್ಲಿನ ಮೇಲೆ ಕೆತ್ತಿಸಿಕೊಂಡ. ಆ ಕಲ್ಲು ಈಗಲೂ ಇದೆ. ಕಲ್ಲಿನ ಮೇಲಿನ ಆರ್ಲಿಂಗ್ಟನ್ ಅನ್ನುವ ಹೆಸರು ಈ ವಂಶದಲ್ಲಿ ಇನ್ನೊಮ್ಮೆ ಎದುರಾಗಲಿದೆ.

ಪಾರ್ಕ್ ಅನ್ನುವ ಹೆಸರಿಗೂ ಒಂದು ಕಥೆಯಿದೆ. ಫ್ರಾನ್ಸಿಸಳ ಅಪ್ಪ ಡೇನಿಯಲ್ ಪಾರ್ಕ್ 1704ರಲ್ಲಿ ಬ್ಲೆನ್‌ಹೈಮ್ ಕದನ ಗೆದ್ದ ಸುದ್ದಿಯನ್ನು ಆನ್ ರಾಣಿಗೆ ಮುಟ್ಟಿಸಿ ಬಹುಮಾನ ಪಡೆದವನು. ಮುಂದೆ ವೆಸ್ಟ್ ಇಂಡೀಸಿನ ಲೀವರ್ಡ್ ದ್ವೀಪಗಳ ಗವರ್ನರನಾಗಿ ಹೋಗಿ, 1710ರಲ್ಲಿ ಅಂಟಿಗುವಾದಲ್ಲಿ ರೊಚ್ಚಿಗೆದ್ದ ಜನರ ಕೈಯಲ್ಲಿ ಸತ್ತವನು. ತನ್ನ ಆಸ್ತಿ ಅನುಭವಿಸುವವರು ತನ್ನ ಹೆಸರನ್ನೂ ಹೊರಬೇಕು ಎಂದು ಉಯಿಲು ಬರೆದಿಟ್ಟಿದ್ದ. ಹಾಗಾಗಿ ಡೇನಿಯಲ್ ಪಾರ್ಕ್ ಕಸ್ಟಿಸ್, ಅವನ ಮಕ್ಕಳು, ಮೊಮ್ಮಕ್ಕಳು ಎಲ್ಲರ ಹೆಸರಿನ ನಡುವೆ ಪಾರ್ಕ್ ಕೂತಿದೆ. ದ್ವೀಪಗಳ ಆಸ್ತಿಯನ್ನು ಅವನು ಮದುವೆಯಾಚೆ ಹುಟ್ಟಿದ ಮಗಳಿಗೆ ಬಿಟ್ಟಿದ್ದರಿಂದ, ಸಾಲ ಯಾರದು ಅನ್ನುವ ವ್ಯಾಜ್ಯ ತಲೆಮಾರುಗಳ ಕಾಲ ಕೋರ್ಟಿನಲ್ಲಿ ಎಳೆದಾಡಿತು. ಕಸ್ಟಿಸ್ ಮನೆ ಹೊಕ್ಕ ಸೊಸೆಗೆ ಬೆಳ್ಳಿಯ ತಟ್ಟೆಗಳ ಜೊತೆ ಈ ವ್ಯಾಜ್ಯವೂ ಬಂತು.

ವಿಲಿಯಮ್ಸ್‌ಬರ್ಗಿನ ಆ ಮನೆಯಲ್ಲಿ ಇನ್ನೊಬ್ಬ ಹುಡುಗನೂ ಓಡಾಡುತ್ತಿದ್ದ: ಜ್ಯಾಕ್. ಅಪ್ಪ ಜಾನ್ ಕಸ್ಟಿಸ್, ಅಮ್ಮ ಆಲಿಸ್ ಎಂಬ ಗುಲಾಮ ಹೆಂಗಸು. ಮುದುಕನಿಗೆ ಈ ಮಗನ ಮೇಲೆ ಅಪಾರ ಅಕ್ಕರೆ. ಅವನನ್ನು ದಾಸ್ಯದಿಂದ ಬಿಡಿಸಿ ಆಸ್ತಿಯ ಏರ್ಪಾಡನ್ನೂ ಮಾಡಿದ. ಮಾರ್ಥಾಳ ಲೆಕ್ಕದಲ್ಲಿ ಅವನು ಮೈದುನ. ಮದುವೆಯಾದ ಮರುವರ್ಷ, 1751ರಲ್ಲಿ, ಹುಡುಗ ತೀರಿಕೊಂಡ. ಕಸ್ಟಿಸ್ ವಂಶವೃಕ್ಷದ ಹಳೆಯ ಪ್ರತಿಗಳಲ್ಲಿ ಈ ಕೊಂಬೆಯನ್ನು ಯಾರೂ ಬರೆಯಲಿಲ್ಲ.

ಗುಮಾಸ್ತನ ಮಗಳು ತನ್ನ ಮನೆಗೆ ಬೇಡವೆಂದು ಹಟ ಹಿಡಿದಿದ್ದ ಮುದುಕ, ಹುಡುಗಿಯ ಗುಣ ಕೇಳಿ ತಿಳಿದು ಕೊನೆಗೆ ಒಪ್ಪಿದ. ಒಪ್ಪಿ, 1749ರ ಕೊನೆಗೆ ಕಣ್ಣು ಮುಚ್ಚಿದ. 1750ರ ಮೇ 15ರಂದು ಮದುವೆ. ಹತ್ತೊಂಬತ್ತು ತುಂಬಲು ಎರಡೂವರೆ ವಾರ ಬಾಕಿಯಿದ್ದ ಹುಡುಗಿ ನದಿಯ ದಂಡೆಗುಂಟ ತವರಿನಿಂದ ಗಂಡನ ಮನೆಗೆ ಬಂದಳು. ಏಳು ವರ್ಷದಲ್ಲಿ ನಾಲ್ಕು ಹೆರಿಗೆ: ಡೇನಿಯಲ್, ಫ್ರಾನ್ಸಿಸ್, ಜ್ಯಾಕಿ ಎಂದು ಕರೆಯುತ್ತಿದ್ದ ಜಾನ್, ಪ್ಯಾಟ್ಸಿ ಎಂದು ಕರೆಯುತ್ತಿದ್ದ ಮಾರ್ಥಾ. ಮೊದಲಿನ ಇಬ್ಬರು ಹೋದರು, ಗಂಡನೂ ಹೋದ.

ಈಗ ಮತ್ತೆ ಆ ಮನೆಗೆ, ಬರೆಯುವ ಮೇಜಿನ ಪಕ್ಕಕ್ಕೆ. ಕರಗಿಸಿದ ಅರಗಿನ ವಾಸನೆ, ಗರಿಲೇಖನಿಯ ಕರಕರ. ಕಪ್ಪು ಬಟ್ಟೆಯ ಹುಡುಗಿ ಲಂಡನ್ನಿನ ರಾಬರ್ಟ್ ಕೇರಿ ಕಂಪನಿಗೆ ಬರೆಯುತ್ತಿದ್ದಾಳೆ: ನನ್ನ ಗಂಡ ತೀರಿಕೊಂಡರು, ಇನ್ನು ವ್ಯವಹಾರ ನನ್ನದು, ತಂಬಾಕಿಗೆ ಒಳ್ಳೆಯ ಬೆಲೆ ಬರಬೇಕು ಎನ್ನುವ ಅರ್ಥದ ಓಲೆ. ಗಂಡನಿಗೆ ಗೋರಿಕಲ್ಲು, ತನಗೆ ಶೋಕದ ಉಡುಪು ಕೂಡ ಅಲ್ಲಿಂದಲೇ ಬರಬೇಕು. ಹೊರಗೆ ಕೊಟ್ಟಿಗೆಯಲ್ಲಿ ಕಳೆದ ಸುಗ್ಗಿಯ ಎಲೆಯನ್ನು ದೊಡ್ಡ ಪೀಪಾಯಿಗಳಿಗೆ ಒತ್ತಿ ತುಂಬಿದ್ದಾರೆ. ಒಂದೊಂದರ ತೂಕ ಸಾವಿರ ಪೌಂಡಿನ ಆಸುಪಾಸು. ಅದನ್ನು ಉರುಳಿಸಿಕೊಂಡು ಕಟ್ಟೆಗೆ ಒಯ್ಯುವವರ ಹೂಂಕಾರ ಕಿಟಕಿಯೊಳಕ್ಕೆ ಬರುತ್ತದೆ. ಮದುವೆಯಾದ ಹೆಂಗಸಿಗೆ ಇಲ್ಲಿಯ ಕಾನೂನಿನಲ್ಲಿ ಸ್ವಂತ ಅಸ್ತಿತ್ವವಿಲ್ಲ. ಅವಳ ಆಸ್ತಿ ಗಂಡನ ಕೈಗೆ ಹೋಗುತ್ತದೆ, ಕರಾರಿಗೆ ಸಹಿ ಗಂಡನದು, ಕೋರ್ಟು ಮಾತಾಡುವುದು ಗಂಡನ ಜೊತೆ. ವಿಧವೆಗೆ ಮಾತ್ರ ತನ್ನ ಹೆಸರಿನಲ್ಲಿ ಕೊಡುವ, ಕೊಳ್ಳುವ, ಸಾಲ ನೀಡುವ, ದಾವೆ ಹೂಡುವ ಹಕ್ಕು. ಆ ಒಂದೂವರೆ ವರ್ಷ ಮಾರ್ಥಾ ಅದನ್ನೆಲ್ಲ ಮಾಡಿದಳು.

ಹಿರಿಯರ ಜಮೀನು ಮಗ ಜ್ಯಾಕಿಗೆ ಸೇರಬೇಕು. ವಿಧವೆಗೆ ಜಮೀನಿನಲ್ಲೂ ಗುಲಾಮರಲ್ಲೂ ಮೂರನೇ ಒಂದು ಪಾಲು, ಅದೂ ಬದುಕಿರುವಷ್ಟು ಕಾಲ ಮಾತ್ರ. ಮಾರಕೂಡದು, ಬಿಟ್ಟುಕೊಡಕೂಡದು, ಅವಳು ಸತ್ತ ಮೇಲೆ ಅದು ಮತ್ತೆ ಕಸ್ಟಿಸ್ ವಂಶಕ್ಕೇ ಹಿಂದಿರುಗಬೇಕು. ಮಾರ್ಥಾಳ ಪಾಲಿಗೆ ಬಂದ ಗುಲಾಮರು 84. ಬೆಲೆ ಕಟ್ಟುವವರ ಪಟ್ಟಿಯಿಂದ ಒಂದಷ್ಟು ಹೆಸರುಗಳು ಹೀಗೆ ಒಂದು ಹಾಳೆಗೆ, ಇನ್ನೊಂದಷ್ಟು ಮತ್ತೊಂದು ಹಾಳೆಗೆ ಹೋದವು.

ಇಂಥ ವಿಧವೆಯ ಮನೆಯ ಮುಂದೆ ಕುದುರೆಗಳು ನಿಲ್ಲದೆ ಇರುತ್ತವೆಯೇ? ಮನೆ ತುಂಬ ಮಕ್ಕಳಿದ್ದ ವಿಧುರ ಚಾರ್ಲ್ಸ್ ಕಾರ್ಟರ್ ಆಸೆಪಟ್ಟ. 1758ರ ಮಾರ್ಚಿನಲ್ಲಿ ಇಪ್ಪತ್ತಾರರ ಎತ್ತರದ ಕರ್ನಲ್ ಒಬ್ಬ ಬಂದು ಹೋದ. ಹೋಗುವಾಗ ಮನೆಯ ಆಳುಗಳಿಗೆ ಧಾರಾಳವಾಗಿ ಇನಾಮು ಕೊಟ್ಟು ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ. 1759ರ ಜನವರಿ 6ರಂದು ಮಾರ್ಥಾ ಅವನನ್ನು ಮದುವೆಯಾದಳು. ಜಾರ್ಜ್ ವಾಷಿಂಗ್ಟನ್. ಕೊರೆಯುವ ಚಳಿ, ಬೆಂಕಿಗೂಡಿನಲ್ಲಿ ಕಟ್ಟಿಗೆಯ ಚಟಪಟ, ನೆಲದ ಹಲಗೆಯ ಮೇಲೆ ನೇರಳೆ ರೇಷ್ಮೆಯ ಎತ್ತರ ಹಿಮ್ಮಡಿಯ ಮೆಟ್ಟು, ಅದರ ಮೇಲೆ ಬೆಳ್ಳಿಯ ಮಿಂಚು. ಲಂಡನ್ನಿನಲ್ಲಿ ಹೊಲಿಸಿದ ಆ ಪುಟ್ಟ ಮೆಟ್ಟುಗಳು ಮೌಂಟ್ ವರ್ನನ್ನಿನಲ್ಲಿ ಇವತ್ತಿಗೂ ಉಳಿದಿವೆ. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಕೇರಿ ಕಂಪನಿಗೆ ಇನ್ನೊಂದು ಓಲೆ ಹೋಯಿತು. ಬರೆದವನು ಹೊಸ ಗಂಡ. ಜೊತೆಗೆ ಪಾದ್ರಿ ಕೊಟ್ಟ ಮದುವೆಯ ಪ್ರಮಾಣಪತ್ರ. ಕಸ್ಟಿಸ್ ಆಸ್ತಿಯ ಕುರಿತ ಕಾಗದಗಳನ್ನೆಲ್ಲ ಇನ್ನು ಮುಂದೆ ತನ್ನ ಹೆಸರಿಗೇ ಕಳಿಸಬೇಕೆಂಬ ಸೂಚನೆ. ಮಾರ್ಥಾಳ ಸಹಿಯ ಕಾಲ ಅಲ್ಲಿಗೆ ಮುಗಿಯಿತು.

ಅದಕ್ಕೂ ಮೊದಲೇ, ಏಪ್ರಿಲ್‌ನಲ್ಲಿ, ಗಾಡಿಗಳು ಉತ್ತರಕ್ಕೆ ಹೊರಟಿದ್ದವು. ಪೊಟೋಮ್ಯಾಕ್ ನದಿಯ ಮೇಲಿನ ಮೌಂಟ್ ವರ್ನನ್ ತಲುಪುವ ಹೊತ್ತಿಗೆ ಮೀನಿನ ಕಾಲ. ಕಡಲಿನಿಂದ ಮೊಟ್ಟೆಯಿಡಲು ಏರಿಬರುವ ಶ್ಯಾಡ್ ಮತ್ತು ಹೆರಿಂಗ್ ಮೀನುಗಳಿಂದ ನದಿ ಕುದಿಯುವಂತೆ ಕಾಣುತ್ತದೆ. ಸೊಂಟದವರೆಗೆ ತಣ್ಣೀರಿನಲ್ಲಿ ನಿಂತವರು ಬಲೆ ಎಳೆಯುತ್ತಾರೆ, ದಂಡೆಯಲ್ಲಿ ಕೂತವರು ಕರುಳು ತೆಗೆದು ಉಪ್ಪು ತುಂಬುತ್ತಾರೆ. ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಮೀನು ಪೀಪಾಯಿ ಸೇರಬೇಕು. ಮೇಲಕ್ಕೆ ಬಂದರೆ ಹೊಗೆಮನೆ. ಬಾಗಿಲು ತೆರೆದರೆ ಕಣ್ಣು ಉರಿಯುತ್ತದೆ. ತೊಲೆಗಳಿಂದ ಇಳಿಬಿಟ್ಟ ಹಂದಿತೊಡೆಗಳು ಕಟ್ಟಿಗೆಯ ಹೊಗೆಯಲ್ಲಿ ಕಂದು ತಿರುಗುತ್ತಿವೆ. ಇದು ಮಾರ್ಥಾಳ ಹೆಮ್ಮೆ. ಮುಂದೊಂದು ದಿನ ಫ್ರಾನ್ಸಿನ ಲಫಾಯೆತ್ ದಂಪತಿಗೆ ಇಲ್ಲಿಂದ ಒಂದು ಪೀಪಾಯಿ ತುಂಬ ಹೋಗಲಿದೆ. ಅಡುಗೆಮನೆಯಲ್ಲಿ ಒಲೆಯ ಮುಂದೆ ಡಾಲ್. ನದಿಗೆ ಮುಖ ಮಾಡಿದ ಕೋಣೆಯ ಬೆಳಕಿನಲ್ಲಿ ಬೆಟ್ಟಿ, ತಲೆ ಬಗ್ಗಿಸಿ ಹೊಲಿಗೆ ಹಾಕುತ್ತಿದ್ದಾಳೆ, ಪಕ್ಕದಲ್ಲಿ ಅವಳ ಕೂಸು ಆಸ್ಟಿನ್. ಮಕ್ಕಳ ಹಿಂದೆ ಓಡಾಡುತ್ತಿರುವವಳು ಮೋಲ್. ಎಲ್ಲರೂ ಪಮಂಕಿಯ ಪಟ್ಟಿಯಿಂದ ಮಾರ್ಥಾಳ ಪಾಲಿಗೆ ಬಂದವರು. ಅಲ್ಲಿ ಬಿಟ್ಟು ಬಂದ ಬಂಧುಗಳ ಸುದ್ದಿ ಇನ್ನು ಇವರಿಗೆ ಸಿಗುವುದು ಅಪರೂಪ.

ಮಕ್ಕಳಿಗಾಗಿ ಲಂಡನ್ನಿನಿಂದ ಪೆಟ್ಟಿಗೆ ಬರುತ್ತದೆ. ಒಣಹುಲ್ಲಿನ ವಾಸನೆಯ ನಡುವೆ ಆಟಿಕೆ, ಚಂದದ ಉಡುಪಿನ ಗೊಂಬೆ, ಅಕ್ಷರ ಕಲಿಯುವವರ ಪುಟ್ಟ ಪುಸ್ತಕ. ಒಮ್ಮೆ ಟರ್ಕಿ ಚರ್ಮದ ರಟ್ಟಿನ ಎರಡು ಸಣ್ಣ ಬೈಬಲ್‌ಗಳು ಬಂದವು. ಒಳರಟ್ಟಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ಜಾನ್ ಪಾರ್ಕ್ ಕಸ್ಟಿಸ್, ಮಾರ್ಥಾ ಪಾರ್ಕ್ ಕಸ್ಟಿಸ್. ವಾಷಿಂಗ್ಟನ್ನನ ಮನೆಯಲ್ಲಿ ಬೆಳೆಯುತ್ತಿದ್ದರೂ ಮಕ್ಕಳ ಹೆಸರು ಬದಲಾಗಲಿಲ್ಲ. ಅವರ ಗೊಂಬೆಯ ಖರ್ಚೂ ಅವರದೇ ಆಸ್ತಿಯ ಲೆಕ್ಕಕ್ಕೆ. ಪೋಷಕನಾದ ಮಲತಂದೆ ಪ್ರತಿವರ್ಷ ಆ ಲೆಕ್ಕವನ್ನು ಕೋರ್ಟಿಗೆ ಒಪ್ಪಿಸಬೇಕು. ಒಂದೇ ಮೇಜಿನ ಸುತ್ತ ಕೂತು ಉಣ್ಣುವ ನಾಲ್ಕು ಜನಕ್ಕೆ ಮೂರು ಬೇರೆ ಬೇರೆ ಖಾತೆ.

ಎರಡನೆಯ ಮದುವೆಯಲ್ಲಿ ಮಾರ್ಥಾಳಿಗೆ ಮಕ್ಕಳಾಗಲಿಲ್ಲ. ಪ್ಯಾಟ್ಸಿಗೆ ಮೂರ್ಛೆರೋಗ. ಎಷ್ಟೋ ವೈದ್ಯರು, ಎಷ್ಟೋ ಕಷಾಯ, ಬೆರಳಿಗೆ ಕಬ್ಬಿಣದ ಉಂಗುರ ಕೂಡ. 1773ರ ಜೂನ್ 19ರಂದು ಊಟ ಮುಗಿಸಿ ಎದ್ದ ಹುಡುಗಿಗೆ ಫಿಟ್ಸ್ ಬಂದು ಎರಡು ನಿಮಿಷದೊಳಗೆ ಪ್ರಾಣ ಹೋಯಿತು, ಹದಿನೇಳು ವರ್ಷ. ಅವಳ ಆಸ್ತಿಯಲ್ಲಿ ಅರ್ಧ ಅಣ್ಣನಿಗೆ, ಅರ್ಧ ತಾಯಿಗೆ. ತಾಯಿಯ ಅರ್ಧ ಕಾನೂನಿನ ಪ್ರಕಾರ ಅವಳ ಗಂಡನಿಗೆ. ವಾಷಿಂಗ್ಟನ್ ಲಂಡನ್ನಿನ ಸಾಲ ತೀರಿಸಿದ್ದು ಆ ದುಡ್ಡಿನಿಂದ. ಉಳಿದವನು ಜ್ಯಾಕಿ ಒಬ್ಬ. 1774ರಲ್ಲಿ ಎಲಿನರ್ ಕ್ಯಾಲ್ವರ್ಟಳನ್ನು ಮದುವೆಯಾಗಿ, ನಾಲ್ಕು ಮಕ್ಕಳ ತಂದೆಯಾಗಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಯಲ್ಲಿ ಮಲತಂದೆಯ ಸಹಾಯಕನಾಗಿ ಯಾರ್ಕ್‌ಟೌನಿನ ಪಾಳೆಯಕ್ಕೆ ಹೋದ. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಶರಣಾಯಿತು. ಗೆಲುವಿನ ತಮಟೆಯ ನಡುವೆಯೇ ಜ್ಯಾಕಿಗೆ ಪಾಳೆಯದ ಜ್ವರ ಹತ್ತಿತು. ನವೆಂಬರ್ 5ರಂದು, 27 ತುಂಬಲು ಮೂರು ವಾರ ಇರುವಾಗ, ಚಿಕ್ಕಮ್ಮನ ಗಂಡನ ಮನೆಯಲ್ಲಿ ಕಣ್ಣು ಮುಚ್ಚಿದ. ಅಲ್ಲಿ ಸೋತ ಅದೇ ಕಾರ್ನ್‌ವಾಲಿಸ್ ಹತ್ತು ವರ್ಷದೊಳಗೆ ಬೆಂಗಳೂರಿನ ಕೋಟೆ ಮುರಿದು, 1792ರಲ್ಲಿ ಶ್ರೀರಂಗಪಟ್ಟಣದ ಎದುರು ಡೇರೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ.

ಐವತ್ತರ ಮಾರ್ಥಾಳಿಗೆ ಹೆತ್ತ ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ. ಸೊಸೆ ಎಲಿನರ್ ಡೇವಿಡ್ ಸ್ಟುವರ್ಟ್ ಎಂಬ ವೈದ್ಯನನ್ನು ಮದುವೆಯಾಗಿ ಇನ್ನೊಂದು ಮನೆ ತುಂಬ ಮಕ್ಕಳನ್ನು ಹೆತ್ತಳು; ಎರಡು ಮದುವೆಯ ಹೆಂಗಸು ಈ ವಂಶದಲ್ಲಿ ಅತ್ತೆ ಒಬ್ಬಳೇ ಅಲ್ಲ. ಜ್ಯಾಕಿಯ ಹಿರಿಯ ಹುಡುಗಿಯರಾದ ಎಲೈಜಾ, ಮಾರ್ಥಾ ಅಮ್ಮನ ಜೊತೆ ಹೋದರು. ಕಿರಿಯರಾದ ನೆಲ್ಲಿ ಮತ್ತು ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್ ಅಜ್ಜಿಯ ಮಡಿಲಿಗೆ ಬಂದರು. ಇದ್ದೊಬ್ಬ ಮೊಮ್ಮಗನ ಹೆಸರಿನಲ್ಲೇ ಅಜ್ಜಿಯ ಎರಡೂ ಮದುವೆಗಳು ಸಾಲಾಗಿ ಕೂತಿವೆ ನೋಡಿ.

ಹೆಣ್ಣುಮಕ್ಕಳ ಕೈಯಿಂದ ಕೈಗೆ ಬಂದ ಇನ್ನೊಂದು ದಾಖಲೆ ಅಡುಗೆಮನೆಯ ಕಪಾಟಿನಲ್ಲಿದೆ. ಹಳೆಯ ಕೈಬರಹದಲ್ಲಿ ಐನೂರಕ್ಕೂ ಹೆಚ್ಚು ಪಾಕಗಳ ಪುಸ್ತಕ: ಗುಲಾಬಿ ನೀರು, ಹಣ್ಣಿನ ರಸಾಯನ, ಬಾದಾಮಿಯ ತಿನಿಸು, ಜ್ವರದ ಮದ್ದು. ಕಸ್ಟಿಸ್ ಮನೆಯಿಂದ ಅದು ಮಾರ್ಥಾಳಿಗೆ ಬಂತು. 1799ರಲ್ಲಿ ಅವಳು ನೆಲ್ಲಿಗೆ ಕೊಟ್ಟಳು. ಅಜ್ಜಿಯ ದೊಡ್ಡ ಕೇಕಿನ ವಿಧಾನವನ್ನು ಇನ್ನೊಬ್ಬ ಮೊಮ್ಮಗಳು ಮಾರ್ಥಾ ಕಾಗದಕ್ಕಿಳಿಸಿದಳು: ಮೊಟ್ಟೆ 40, ಬೆಣ್ಣೆ ನಾಲ್ಕು ಪೌಂಡು, ಸಕ್ಕರೆ ನಾಲ್ಕು ಪೌಂಡು, ಹಿಟ್ಟು ಐದು, ಹಣ್ಣು ಐದು. ನಲವತ್ತು ಮೊಟ್ಟೆಯ ಬಿಳಿಯನ್ನು ಕಡ್ಡಿಯಿಂದ ನೊರೆಯೇಳುವವರೆಗೆ ಬಡಿಯಬೇಕು. ಬಡಿದವರ ತೋಳು ಡಾಲಳದು, ಆಮೇಲೆ ಅವಳ ಮಗಳು ಲೂಸಿಯದು. ಅಡುಗೆಯೂ ಇಲ್ಲಿ ಎರಡು ವಂಶಗಳಲ್ಲಿ ಇಳಿದು ಬಂತು: ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಕೈ.

ಕಂಕುಳಲ್ಲಿಟ್ಟುಕೊಂಡ ಪಟ್ಟಿಯನ್ನು ಬಿಚ್ಚುವ ಹೊತ್ತು ಬಂತು. ವರ್ಜೀನಿಯಾದ ಸಭೆ 1662ರಲ್ಲೇ ಒಂದು ಕಾನೂನು ಮಾಡಿತ್ತು: ಹುಟ್ಟಿದ ಮಗು ದಾಸನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದು. ಇಂಗ್ಲಿಷರ ರೂಢಿಯಲ್ಲಿ ಎಲ್ಲವೂ ಅಪ್ಪನ ಕಡೆಯಿಂದ ಇಳಿಯುತ್ತಿತ್ತು. ಮನೆತನದ ಹೆಸರು, ಜಮೀನು, ಗೌರವ. ಗುಲಾಮ ಹೆಂಗಸರ ವಿಷಯದಲ್ಲಿ ಮಾತ್ರ ಅಮ್ಮನೇ ವಂಶದ ಬೇರು, ಏಕೆಂದರೆ ಹಾಗೆ ಮಾಡಿದರೆ ಅಪ್ಪ ಯಜಮಾನನೇ ಆಗಿದ್ದರೂ ಮಗು ಆಸ್ತಿಯಾಗಿ ಉಳಿಯುತ್ತದೆ. ಹೀಗೆ ಒಂದೇ ಸೂರಿನಡಿ ಎರಡು ವಂಶವೃಕ್ಷ. ಮೇಲಿನ ಮಹಡಿಯಲ್ಲಿ ಮಾರ್ಥಾಳ ಹೆಸರು ಡ್ಯಾಂಡ್ರಿಜ್, ಕಸ್ಟಿಸ್, ವಾಷಿಂಗ್ಟನ್ ಎಂದು ಗಂಡಸರ ಜೊತೆ ಬದಲಾಗುತ್ತ ಹೋಯಿತು. ಕೆಳಗಿನ ಕೋಣೆಯಲ್ಲಿ ಬೆಟ್ಟಿ ಹೆತ್ತ ಮಕ್ಕಳೆಲ್ಲ, ಅಪ್ಪ ಯಾರಾದರೂ ಆಗಲಿ, ಮಾರ್ಥಾಳ ಮೂರನೇ ಪಾಲಿಗೆ ಸೇರುತ್ತ ಹೋದರು.

ಆ 84 ಮಂದಿ 1799ರ ಹೊತ್ತಿಗೆ 153 ಆಗಿದ್ದರು. ಆ ವರ್ಷ ಜಾರ್ಜ್ ವಾಷಿಂಗ್ಟನ್ ತನ್ನ ಕೈಯಾರೆ ಒಂದು ಪಟ್ಟಿ ಬರೆದ: ಯಾರು ಯಾವ ತೋಟದಲ್ಲಿದ್ದಾರೆ, ಯಾರ ಗಂಡ ಯಾರು, ಹೆಂಡತಿ ಯಾರು, ಯಾರು ತನ್ನವರು, ಯಾರು ಹೆಂಡತಿಯ ಪಾಲಿನವರು. ತನ್ನ 123 ಮಂದಿಗೆ ಅವನು ಉಯಿಲಿನಲ್ಲಿ ಬಿಡುಗಡೆ ಬರೆದ. ಅವನು ಸತ್ತ ಮೇಲೆ ಮಾರ್ಥಾ ಅದನ್ನು 1801ರ ಜನವರಿ 1ರಂದು ಜಾರಿಗೆ ತಂದಳು. 153 ಮಂದಿಯನ್ನು ಬಿಡಿಸುವ ಹಕ್ಕು ಉಯಿಲು ಬರೆದವನಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಕಸ್ಟಿಸ್ ಆಸ್ತಿ ಕಸ್ಟಿಸರಿಗೇ ಸೇರಬೇಕು. ನಲವತ್ತು ವರ್ಷ ಒಂದೇ ನೆಲದಲ್ಲಿ ದುಡಿದವರು ಮದುವೆಯಾಗುವಾಗ ಯಾರು ಯಾವ ಹಾಳೆಯಲ್ಲಿದ್ದಾರೆ ಎಂದು ನೋಡಿಕೊಂಡಿರಲಿಲ್ಲ. ಬಟ್ಲರ್ ಫ್ರ್ಯಾಂಕ್ ಲೀ ವಾಷಿಂಗ್ಟನ್ನನವನು; ಅವನ ಹೆಂಡತಿ ಅಡುಗೆಯ ಲೂಸಿ ಮೂರನೇ ಪಾಲಿನವಳು. ಫ್ರ್ಯಾಂಕ್ ಸ್ವತಂತ್ರನಾದ. ಲೂಸಿ ಆಗಲಿಲ್ಲ, ಅವಳ ಮಕ್ಕಳೂ ಆಗಲಿಲ್ಲ. 1802ರ ಮೇ 22ರಂದು ಮಾರ್ಥಾ ತೀರಿಕೊಂಡಾಗ ಆ 153 ಮಂದಿ ನಾಲ್ಕು ಮೊಮ್ಮಕ್ಕಳ ನಡುವೆ ಹಂಚಿಹೋದರು. ಗಂಡ ಒಂದು ಊರಿಗೆ, ಹೆಂಡತಿ ಇನ್ನೊಂದು ಊರಿಗೆ.

ಮೊಮ್ಮಕ್ಕಳ ಕೊಂಬೆಗಳು ದೂರ ದೂರಕ್ಕೆ ಚಾಚಿದವು. ಹಿರಿಯಳಾದ ಎಲೈಜಾ 1796ರಲ್ಲಿ ಥಾಮಸ್ ಲಾ ಎಂಬ ಇಂಗ್ಲಿಷನನ್ನು ಮದುವೆಯಾದಳು. ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಬಿಹಾರದ ಗಯಾದಲ್ಲಿ ಕಲೆಕ್ಟರನಾಗಿದ್ದು, ಅಲ್ಲಿಯ ಹೆಂಗಸಿನಿಂದ ಪಡೆದ ಗಂಡುಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಬಂದಿದ್ದವನು. ನೆಲ್ಲಿ ವಾಷಿಂಗ್ಟನ್ನನ ಸೋದರಳಿಯ ಲಾರೆನ್ಸ್ ಲೂಯಿಸ್‌ನನ್ನು ವರಿಸಿ ಎರಡು ಮನೆತನಗಳನ್ನು ಮತ್ತೆ ಹೆಣೆದಳು. ಮೊಮ್ಮಗ ಪೊಟೋಮ್ಯಾಕ್ ದಂಡೆಯ ಗುಡ್ಡದ ಮೇಲೆ ದಪ್ಪ ಕಂಬಗಳ ಮನೆ ಕಟ್ಟಿಸಿ, ಮುತ್ತಜ್ಜ ಜಾನ್ ಕಸ್ಟಿಸ್ ಸುಖವಾಗಿದ್ದ ಆ ಏಳು ವರ್ಷದ ತಾಣದ ಹೆಸರನ್ನೇ ಅದಕ್ಕಿಟ್ಟ: ಆರ್ಲಿಂಗ್ಟನ್. ಅವನ ಮಗಳು ಮೇರಿ 1831ರಲ್ಲಿ ಮದುವೆಯಾದದ್ದು ರಾಬರ್ಟ್ ಇ. ಲೀಯನ್ನು. ಅಂತರ್ಯುದ್ಧದಲ್ಲಿ ಲೀ ಕುಟುಂಬ ಮನೆ ಬಿಟ್ಟುಹೋದ ಮೇಲೆ, 1864ರಿಂದ ಅದರ ಸುತ್ತ ಸೈನಿಕರನ್ನು ಹೂಳತೊಡಗಿದರು. ಈಗಿನ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ ಅದೇ. ಮೇರಿಗೆ ಒಬ್ಬ ಅಕ್ಕನಿದ್ದಳು, ಮರಿಯಾ. ಅವಳ ತಾಯಿ ಅರಿಯಾನಾ ಕಾರ್ಟರ್ ಮೌಂಟ್ ವರ್ನನ್ನಿನ ಗುಲಾಮ ಹೆಂಗಸು. ಅಪ್ಪ ಮರಿಯಾಳನ್ನು ಬಿಡುಗಡೆ ಮಾಡಿ ಆರ್ಲಿಂಗ್ಟನ್ನಿನಲ್ಲೇ 17 ಎಕರೆ ಕೊಟ್ಟ, ಆದರೆ ಪತ್ರ ಬರೆದುಕೊಡಲಿಲ್ಲ. ಯುದ್ಧದಲ್ಲಿ ಸರ್ಕಾರ ಇಡೀ ಎಸ್ಟೇಟನ್ನು ವಶಪಡಿಸಿಕೊಂಡಾಗ ಮರಿಯಾ ಸೈಫ್ಯಾಕ್ಸ್ ಕುಟುಂಬ ಕಾಂಗ್ರೆಸ್ಸಿನ ಬಾಗಿಲು ತಟ್ಟಿತು; 1866ರಲ್ಲಿ ಆ 17 ಎಕರೆ ಅವಳದೆಂದು ಶಾಸನವೇ ಆಯಿತು.

ಬೆಟ್ಟಿಯ ಕೊಂಬೆಯಲ್ಲಿ ಆಸ್ಟಿನ್, ಡೆಲ್ಫಿ, ಓನಾ. ಓನಾಳ ಅಪ್ಪ ಆಂಡ್ರ್ಯೂ ಜಡ್ಜ್ ಎಂಬ ಇಂಗ್ಲಿಷ್ ದರ್ಜಿ. ಕರಾರಿನ ಕೂಲಿ ಮುಗಿಸಿ ಅವನು ಹೊರಟುಹೋದ. ಮಗಳಿಗೆ ಅವನ ಹೆಸರು ಬಂತು, ಸ್ವಾತಂತ್ರ್ಯ ಬರಲಿಲ್ಲ. ಅಮ್ಮನಂತೆ ಅವಳ ಬೆರಳೂ ಸೂಜಿಯಲ್ಲಿ ಚುರುಕು. ವಾಷಿಂಗ್ಟನ್ ದೇಶದ ಅಧ್ಯಕ್ಷನಾದ ಮೇಲೆ ಅಧ್ಯಕ್ಷರ ಪತ್ನಿ ಮಾರ್ಥಾಳ ತಲೆ ಬಾಚುವುದು, ಉಡುಪು ತೊಡಿಸುವುದು ಅವಳ ಕೆಲಸ. ತನ್ನನ್ನು ಮದುಮಗಳು ಎಲೈಜಾಳಿಗೆ ಕೊಡಲಿದ್ದಾರೆ ಎಂದು ತಿಳಿದಾಗ, 1796ರ ಮೇ 21ರ ಸಂಜೆ, ಫಿಲಡೆಲ್ಫಿಯಾದ ಅಧ್ಯಕ್ಷರ ನಿವಾಸದಲ್ಲಿ ಮನೆಯವರು ಊಟಕ್ಕೆ ಕೂತಿದ್ದಾಗ ಓನಾ ಬಾಗಿಲು ದಾಟಿದಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದಳು. ಹಿಡಿದು ತರಲು ಬಂದವರಲ್ಲಿ ಮಾರ್ಥಾಳ ತಂಗಿಯ ಮಗನೂ ಒಬ್ಬ, ಸಿಗಲಿಲ್ಲ. ಅವಳ ಬದಲು ಎಲೈಜಾಳ ಮನೆಗೆ ಹೋದವಳು ತಂಗಿ ಡೆಲ್ಫಿ.

ಓನಾ ನಾವಿಕ ಜ್ಯಾಕ್ ಸ್ಟೇನ್ಸ್‌ನನ್ನು ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು, ಓದಲು ಕಲಿತಳು, ಬಡತನದಲ್ಲಿ ಬಾಳಿದಳು. 1848ರಲ್ಲಿ ಸಾಯುವವರೆಗೂ ಕಾನೂನಿನ ಪುಸ್ತಕದಲ್ಲಿ ಅವಳು ಕಸ್ಟಿಸ್ ವಾರಸುದಾರರ ಆಸ್ತಿಯೇ. ಮಾರ್ಥಾ ವಾಷಿಂಗ್ಟನ್ ಸಾಯುವ ಮುನ್ನ ಗಂಡನೊಂದಿಗಿನ ಓಲೆಗಳನ್ನು ಸುಟ್ಟುಹಾಕಿದಳು. ಕೈಗೆ ಸಿಗದ ಕೆಲವು ಮಾತ್ರ ಉಳಿದವು. ಓನಾ ಜಡ್ಜ್ 1845ರಲ್ಲೊಮ್ಮೆ, 1847ರಲ್ಲೊಮ್ಮೆ ದಾಸ್ಯವಿರೋಧಿ ಪತ್ರಿಕೆಗಳಲ್ಲಿ ತನ್ನ ಕಥೆ ಅಚ್ಚಾಗುವಂತೆ ಹೇಳಿದಳು: ಯಾರ ಮನೆಯಲ್ಲಿದ್ದೆ, ಯಾಕೆ ಓಡಿದೆ, ಮತ್ತೆ ಯಾಕೆ ಹೋಗಲಿಲ್ಲ. ಮೌಂಟ್ ವರ್ನನ್ನಿನ ಆ ಸೂರಿನಡಿ ಬೆಳೆದ ಎರಡು ವಂಶಗಳ ಲೆಕ್ಕ ಬರೆಯಲು ಕೂತವರಿಗೆ ಒಡತಿಯ ಮೌನಕ್ಕಿಂತ ಅವಳ ಮಾತೇ ಹೆಚ್ಚು ಕೆಲಸಕ್ಕೆ ಬರುತ್ತದೆ.